ಹನ್ನೊಂದರ ಮೊದಲು

ಹನ್ನೊಂದರ ಮೊದಲು ನನಗೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ.
ಕರಿ ಚಹಾ, ಅದೂ ನಿಂತುಕೊಂಡೇ, ಸಿಂಕಿನ ಪಕ್ಕ.
ಇಂಥವಳು ಮೂವತ್ತೊಂದು ವರ್ಷ
ಕಂಡು ಕೇಳರಿಯದವರಿಗೆಲ್ಲ ಬೆಳಗಿನ ತಿಂಡಿ ಬೇಯಿಸಿದೆ,
ಸ್ಟೊರ್ನೊವೇ ಬಂದರಿನ ಹಿಂದಿನ ಬೀದಿಯಲ್ಲಿ.
ನಾಲ್ಕು ಕೋಣೆ, ನಾಲ್ಕು ಮೇಜು, ಬಾಗಿಲ ಮೇಲೆ ನನ್ನದೇ ಹೆಸರು:
ಡೋಲಿನಾ, ಹಾಸಿಗೆ ಮತ್ತು ತಿಂಡಿ.
ಹಾಸಿಗೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ.
ತಿಂಡಿಯ ಬಗ್ಗೆ ಎಲ್ಲರಿಗೂ ಒಂದೊಂದು ಸಿದ್ಧಾಂತ.

ಏಳರ ಹಡಗು ಹಿಡಿಯುವವರಿದ್ದರೆ ಐದೂವರೆಗೇ ಒಲೆ.
ಕೊಬ್ಬು ಚುರುಗುಟ್ಟುವಾಗ ಬಾಯಲ್ಲಿ ಉಸಿರಾಡುತ್ತ
ಹಂದಿಯ ಸೀಳು, ಅಣಬೆ, ಅರ್ಧರ್ಧ ಟೊಮ್ಯಾಟೊ,
ರಕ್ತಕ್ಕೆ ಓಟ್ಸು ಕಲಸಿ ಕಟ್ಟಿದ ನಮ್ಮೂರ ಕರಿ ಪುಡಿಂಗು.
ಅದರಲ್ಲೇನಿದೆ ಎಂದು ಹೇಳಿದರೆ ಸಾಕು,
ಕೆಲವರ ಮುಖ ಒಡೆದ ಹಾಲು.
ಕೆಲವರು ಇನ್ನೊಂದು ತುಂಡು ಕೇಳುತ್ತಾರೆ,
ಪಿಸುದನಿಯಲ್ಲಿ, ಹೆಂಡತಿಗೆ ಕೇಳಿಸದ ಹಾಗೆ.

ಮೊಟ್ಟೆಯಲ್ಲಿ ಜನ ಸಿಕ್ಕಿಬೀಳುತ್ತಾರೆ.
ನಾಲ್ಕೂಕಾಲು ನಿಮಿಷ ಎಂದು
ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ ಬ್ರೆಮೆನ್ನಿನ ಹಲ್ಲಿನ ಡಾಕ್ಟರು;
ಹಳದಿ ಒಡೆದುಹೋಯಿತೆಂದು ಅತ್ತೇಬಿಟ್ಟ ಹೊಸ ಮದುವಣಗಿತ್ತಿ
(ಅತ್ತದ್ದು ಮೊಟ್ಟೆಗಲ್ಲ, ಅಷ್ಟು ನನಗೂ ಗೊತ್ತು);
ಹಕ್ಕಿ ನೋಡಲು ಬಂದ ಮುದುಕ, ಸಾಸೇಜನ್ನು
ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗಿಳಿಸಿ,
ನಾನು ನೋಡಿದ್ದನ್ನು ನೋಡಿ,
"ಮಧ್ಯಾಹ್ನಕ್ಕೆ" ಎಂದ.
ಮರುದಿನದಿಂದ ಎರಡು ಹೆಚ್ಚಿಗೆ ಹಾಕಿದೆ.
ಅವನೂ ಏನೂ ಅನ್ನಲಿಲ್ಲ, ನಾನೂ.

ನನ್ನ ಗಂಡ ಟೊರ್ಮೊಡ್‌ಗೆ ಇದ್ಯಾವುದೂ ತಿಂಡಿಯೇ ಅಲ್ಲ.
ಓಟ್ಸಿನ ಗಂಜಿ, ನೀರು, ಉಪ್ಪು. ಮುಗಿಯಿತು.
ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಪೈಕಿ.
ಗಂಜಿಗೆ ಸಕ್ಕರೆ ಹಾಕುವವರನ್ನು ಅವನು
ಭಾನುವಾರ ಬಟ್ಟೆ ಒಣಹಾಕುವವರ ಸಾಲಿಗೆ ಸೇರಿಸಿಬಿಟ್ಟಿದ್ದ.
ಅವನಜ್ಜಿ ವಾರಕ್ಕೊಮ್ಮೆ ಗಂಜಿ ಕಾಯಿಸಿ
ಬೀರುವಿನ ಡ್ರಾಯರಿಗೆ ಸುರಿದು,
ಗಟ್ಟಿಯಾದ ಮೇಲೆ ಇಟ್ಟಿಗೆಯಂತೆ ಕತ್ತರಿಸಿ
ಕಡಲಿಗೆ ಹೊರಟವರ ಕೈಗೆ ಕೊಡುತ್ತಿದ್ದಳಂತೆ.
"ಅದು ತಿಂಡಿ. ನೀನು ಮಾಡುವುದು ನಾಟಕ."
ಅವನ ದೋಣಿಯ ಎಂಜಿನ್ ಸಾಲ ತೀರಿಸಿದ್ದು ನಾಟಕವೇ.
ಅದನ್ನು ನಾನು ಯಾವತ್ತೂ ಹೇಳಲಿಲ್ಲ.
ಒಂದೆರಡು ಸಲ ಹೇಳಿದೆ.

ತಿಂಡಿ ಬಿಟ್ಟವರಿಗೆ ಆಯಸ್ಸಿಲ್ಲ ಎಂದು
ಎದುರುಮನೆಯ ಕಿರ್ಸ್ಟಿ ಎಚ್ಚರಿಸುತ್ತಲೇ ಇದ್ದಳು.
ಅವಳ ಗೋರಿಗೆ ಈಗ ಪಾಚಿ ಕಟ್ಟಿದೆ.
ಇದನ್ನು ವಾದವೆಂದು ಹೇಳುತ್ತಿಲ್ಲ.

ನನಗೆ ಉರಿಯುತ್ತಿದ್ದುದು ಒಂದಕ್ಕೇ,
ಹೋದ ತಟ್ಟೆ ಹೋದ ಹಾಗೇ ಹಿಂದಕ್ಕೆ ಬಂದರೆ.
ಅಣಬೆಯ ಅಡಿಯಲ್ಲಿ ಬಚ್ಚಿಟ್ಟ ಪುಡಿಂಗು,
ಒಂದೇ ಒಂದು ಸಲ ಕಚ್ಚಿದ ಟೋಸ್ಟು.
ಬೆಳಿಗ್ಗೆ ಹಸಿವಾಗುವುದಿಲ್ಲ ಎಂಬ ಮಾತನ್ನು
ನಾನು, ನಾನೇ, ನಂಬುತ್ತಿರಲಿಲ್ಲ.

ಕಳೆದ ಫೆಬ್ರವರಿ, ಇನ್ವರ್ನೆಸ್ಸಿನ ಆಸ್ಪತ್ರೆ,
ಪಿತ್ತಕೋಶ ತೆಗೆದ ಮೂರನೇ ಬೆಳಿಗ್ಗೆ.
ಏಳಕ್ಕೆ ಸರಿಯಾಗಿ ಪರದೆ ಸರಿಸಿ
ತೋಳ ತುಂಬ ಹಚ್ಚೆಯ ಹುಡುಗನೊಬ್ಬ ಟ್ರೇ ಇಟ್ಟ.
ಎದೆಯ ಪಟ್ಟಿಯಲ್ಲಿ ಫಿನ್ಲೇ ಎಂದಿತ್ತು.
ಬಗ್ಗಿಸಿದರೆ ಬಗ್ಗುವಂಥ ಟೋಸ್ಟು.
ಚಿನ್ನದ ಕಾಗದದಲ್ಲಿ ಹೆಬ್ಬೆರಳಿನುಗುರಷ್ಟು ಬೆಣ್ಣೆ.
ಗಂಜಿ: ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ,
ಯಾರ ಪಕ್ಷಕ್ಕೂ ಸೇರದ್ದು.
ದೂರ ಸರಿಸಬೇಕೆನ್ನುವಷ್ಟರಲ್ಲಿ ಕಂಡಿತು,
ಹುಡುಗ ಬಾಗಿಲಲ್ಲಿ ತಳ್ಳುಗಾಡಿ ನಿಲ್ಲಿಸಿ
ಏನೋ ಹುಡುಕುವವನಂತೆ ತಡವರಿಸುತ್ತ
ಓರೆಗಣ್ಣಲ್ಲಿ ನಮ್ಮ ತಟ್ಟೆಗಳನ್ನು ನೋಡುತ್ತಿದ್ದ.
ಆ ನೋಟ ನನಗೆ ಗೊತ್ತು.
ಬಾಗಿಲ ಸಂದಿಯಿಂದ ನಾನೇ ನೋಡಿದ್ದು ಅದು.

ತಿಂದೆ. ಕೂತು. ಏಳೂಹತ್ತಕ್ಕೆ.
ಟೋಸ್ಟಿನ ಅಂಚನ್ನೂ ಬಿಡದೆ.
ರುಚಿಯ ಮಾತು ಬೇಡ.

ಖಾಲಿ ಟ್ರೇ ಎತ್ತುತ್ತ ಅವನು ಅರಳಿಬಿಟ್ಟ:
"ಪಾಪ, ಎಷ್ಟು ಹಸಿದಿದ್ದಿರಿ!
ನಾಳೆಯಿಂದ ಎರಡು ಹೆಚ್ಚಿಗೆ ತರುತ್ತೇನೆ."

ತಂದ.
ಕಾಗದದ ಕರವಸ್ತ್ರವೂ ಇತ್ತು.
ಆಸ್ಪತ್ರೆಯ ಅಂಗಿಗೆ ಜೇಬಿರಲಿಲ್ಲ.